ಸವಣೂರಿಗೆ ಹೊರಟ ಕೇಪಳ

ಹಾನಗಲ್ಲಿನಲ್ಲಿ ಶಿಗ್ಗಾಂವಿ ಬಸ್ಸು ಹತ್ತಿದಾಗ ಸಂಜೆ ನಾಲ್ಕು ಗಂಟೆ. ಕುಂದಾಪುರದಿಂದ ತಂದ, ಹೂ ಬಿಟ್ಟ ಎರಡು ಕೇಪಳದ ಗಿಡಗಳು ನನ್ನ ಕಾಲ ಬಳಿ ಇದ್ದವು. ಕಂಡಕ್ಟರು ಉಚಿತ ಟಿಕೆಟ್ ಹರಿದು, “ನಿಮಗ ಫ್ರೀ ಐತ್ರಿ ಅಕ್ಕಾರ, ಗಿಡಕ್ಕ ಲಗೇಜು ಆಗತೈತಿ” ಎಂದ. ಗಿಡಗಳು ಗಂಡಸರ ಲೆಕ್ಕಕ್ಕೆ ಸೇರಿದವೆಂದುಕೊಂಡು ಇಪ್ಪತ್ತು ರೂಪಾಯಿ ಕೊಟ್ಟೆ.

ಒಂದು ಅಮ್ಮ ನೆಟ್ಟ ಗಿಡದ ಮರಿ. ಅಮ್ಮ ಹೋದಮೇಲೆ ತವರುಮನೆ ಮಾರಿದೆವು. ಕೊಂಡವರು ಅಂಗಳಕ್ಕೆ ಸಿಮೆಂಟು ಹಾಕುವ ಮುನ್ನ ಕಿತ್ತು ತಂದದ್ದು ಇದೊಂದೇ. ಮದುವೆಯಾಗಿ ಸವಣೂರು ಸೇರಿದ ಅಕ್ಕನ ಮಾತು ಈಗ ಪೂರ್ತಿ ಅಲ್ಲಿಯದು. “ನನಗ ಬ್ಯಾರೆ ಏನೂ ಬ್ಯಾಡ, ಆ ಗಿಡ ತಗೊಂಡು ಬಾ” ಎಂದಿದ್ದಳು. ಅದರ ಕೆಂಪು ಹಣ್ಣಿಗಾಗಿ ಚಿಕ್ಕಂದಿನಲ್ಲಿ ಜಡೆ ಹಿಡಿದು ಜಗಳವಾಡಿದವರು ನಾವು. ಇನ್ನೊಂದು ನರ್ಸರಿಯದು, ಹಣ್ಣು ಬಿಡದ ಜಾತಿ. ಹಿಂದೆ ನಮ್ಮೂರ ಶಾಲೆಯಲ್ಲಿದ್ದ, ಈಗ ಶಿಗ್ಗಾಂವಿಯಲ್ಲಿರುವ ಗಂಗಮ್ಮ ಟೀಚರಿಗೆ ಕೊಡುತ್ತೇನೆಂದು ಒಪ್ಪಿಕೊಂಡದ್ದು. ಎಲೆ ಎರಡರದೂ ಒಂದೇ ತರಹ. ಅಮ್ಮನದು ಕಡುಗೆಂಪು ಹೂ, ಇನ್ನೊಂದು ಕಿತ್ತಳೆ. ಹೂವೇ ಗುರುತಿರುವಾಗ ಚೀಟಿ ಯಾಕೆ ಎಂದುಕೊಂಡ ಜಾಣೆ ನಾನು!

ಟೀಚರ ಮನೆಯಲ್ಲಿ ರೊಟ್ಟಿ, ಎಣ್ಣೆಗಾಯಿ ಉಂಡು ಮಲಗಿದೆ. ಬೆಳಿಗ್ಗೆ ಹಿತ್ತಲಿಗೆ ಹೋದರೆ ಎರಡೂ ಗಿಡ ಒಂದು ಹೂವೂ ಇಲ್ಲದೆ ಬೋಳು. ನೀರು ಹಾಕುವಾಗ ಟೀಚರು ಅವುಗಳ ಜಾಗವನ್ನೂ ಬದಲಿಸಿದ್ದರು.

“ಮನಿಗೆ ಬಂದ ಹೂವು ಮೊದ್ಲು ದೇವರಿಗೆ ಏರಸಬೇಕ್ರಿ. ಉಳದದ್ದು ನಿಮ್ಮ ಉಡಿಗೆ ಇಟ್ಟೇನಿ” ಎಂದು ಟೀಚರು ಅಕ್ಕಿ, ಕೊಬ್ಬರಿ, ಖಣದ ಜೊತೆ ಹೂಗಳನ್ನೂ ನನ್ನ ಸೆರಗಿಗೆ ತುಂಬಿದರು. ಕೆಂಪು, ಕಿತ್ತಳೆ ಕಲಸಿಹೋಗಿದ್ದವು. ವಿಷಯ ಹೇಳಿದಾಗ ಅವರ ಕಣ್ಣು ತುಂಬಿತು.

“ಎರಡೂ ಒಯ್ರಿ. ನನಗ ಬ್ಯಾಡ.”

ಸವಣೂರಿನವರೆಗೂ ಎಲೆ ತಿರುವಿ ನೋಡಿದೆ. ಎಡಗಡೆಯದೇ ಅಮ್ಮನದು ಎನಿಸಿತು. ಬಸ್ಸು ಹಂಪು ಹಾರಿತು, ಬಲಗಡೆಯದಿರಬಹುದೇ ಎನಿಸಿತು. ತಲೆ ಚಿಟ್ಟು ಹಿಡಿಯಿತು.

ಅಕ್ಕ ಬಾಗಿಲಲ್ಲೇ ಕೂತು ಎರಡನ್ನೂ ಮೂಸಿದಳು. “ನನಗೂ ತಿಳಿವಲ್ದು ನೋಡು” ಎಂದಳು. ನನಗೆ ಅಳು ಬಂತು. ನಂಬಿ ಹೇಳಿದ ಒಂದೇ ಕೆಲಸ ಕೆಡಿಸಿದ್ದೆ.

ಸ್ವಲ್ಪ ಹೊತ್ತಿಗೆ ಅವಳು ಒಂದನ್ನು ಎತ್ತಿ ಒಳಗಿಟ್ಟಳು. “ಇದು ನನಗಿರಲಿ. ಅದನ್ನ ಟೀಚರಿಗೆ ಕೊಟ್ಟು ಹೋಗು. ಕೊಡ್ತೇನಿ ಅಂದು ತಪ್ಪಬಾರ್ದು.”

“ಅದೇ ಅಮ್ಮನದಾಗಿದ್ದರೆ?”

“ಹಣ್ಣು ಬಿಟ್ಟ ದಿನ ಫೋನ್ ಮಾಡಂತ ಹೇಳು. ಹೋಗಾಕ ನನಗೊಂದು ತವರಮನಿ ಆಗತೈತಿ.”

ಮಧ್ಯಾಹ್ನದ ಬಸ್ಸಿಗೆ ಶಿಗ್ಗಾಂವಿಯತ್ತ ಹೊರಟೆ. ಕಿಟಕಿಯಿಂದ ಕೈಬೀಸಿದೆ. ಅಕ್ಕ ನನ್ನನ್ನು ನೋಡುತ್ತಿರಲಿಲ್ಲ. ನನ್ನ ತೊಡೆಯ ಮೇಲಿದ್ದ ಗಿಡವನ್ನು ನೋಡುತ್ತಿದ್ದಳು.