ನಂಜಮ್ಮನ ಹುಂಜ, ನಮ್ಮ ಮುಧೋಳದ ಭೈರು

ಪಕ್ಕದ ಮನೆಯವರ ನಾಯಿಯ ಉಗುರಿನ ಸದ್ದು ಗೋಡೆಯಾಚೆಯಿಂದ ಕೇಳಿದರೆ ಸಾಕು, ಕೊಡಿಗೇಹಳ್ಳಿಯ ಆ ಬಾಡಿಗೆ ಮನೆ, ಅದರ ಕೆಂಪು ಸಿಮೆಂಟಿನ ನೆಲ, ಆ ನೆಲದ ಮೇಲೆ ಜಾರಿ ಗೋಡೆಗೆ ಗುದ್ದುತ್ತಿದ್ದ ನಮ್ಮ ಭೈರು, ಎಲ್ಲ ಒಟ್ಟಿಗೇ ಎದ್ದು ಬರುತ್ತವೆ. ಎಪ್ಪತ್ತರ ದಶಕದ ಕೊನೆಯ ಮಾತು. ಯಶವಂತಪುರದ ಕಾರ್ಖಾನೆಯೊಂದರಲ್ಲಿ ಗುಮಾಸ್ತರಾಗಿದ್ದ ಅಪ್ಪ, ಮನೆ ಕಾಯಲೆಂದು ಊರಿನಿಂದ ಮುಧೋಳದ ಮರಿಯೊಂದನ್ನು ರೈಲಿನಲ್ಲಿ ತಂದಿದ್ದರು. ಅದು ಮೊಲ ಹಿಡಿಯುವ ಜಾತಿ ಎಂಬುದನ್ನು ಊರಿನ ಅಭಿಮಾನದಲ್ಲಿ ಮರೆತೇಬಿಟ್ಟಿದ್ದರು. ಭೈರುವಿಗೆ ಬೊಗಳಲು ಸೋಮಾರಿತನ; ಓಡಿದ್ದನ್ನು ಹಿಡಿಯುವುದೊಂದೇ ಗೊತ್ತು. ನಾನೋ ತಮ್ಮ ಶೇಖರನೋ ಓಡಿದರೆ ಹಿಂದಿನಿಂದ ಬಂದು ಕೆಡವಿ, ಮುಖ ನೆಕ್ಕಿ, ಕೆಲಸ ಮುಗಿಯಿತೆಂದು ಮಲಗುತ್ತಿದ್ದ. "ಓಡಬ್ಯಾಡ್ರಿ!" ಎಂಬುದು ಅವ್ವನ ದಿನದ ಮಂತ್ರ. ಸ್ಕೂಲಿಗೆ ತಡವಾದರೂ ನಾವು ಬೀಗರ ಹಾಗೆ ಗಂಭೀರವಾಗಿ ನಡೆಯುತ್ತಿದ್ದೆವು.

ಆದರೆ ಮನೆಯೊಡತಿ ನಂಜಮ್ಮನ ಕೋಳಿಗಳಿಗೆ ಈ ಶಿಸ್ತು ಕಲಿಸುವವರು ಯಾರು? ಭೈರು ಎರಡು ಕೋಳಿ ಹಿಡಿದ ಮೇಲೆ ಆಕೆ ಸೊಂಟಕ್ಕೆ ಕೈಯಿಟ್ಟು ಹೇಳಿದಳು: "ಇನ್ನೊಂದ್ ಕೋಳಿ ಓದ್ರೆ ನಾಯೀನೂ ಇರಂಗಿಲ್ಲ, ಅಷ್ಟೇಯ." ಅಪ್ಪ ಅವನನ್ನು ಊರಿಗೆ ಕಳಿಸಿಬಿಡುವ ಮಾತೆತ್ತಿದರು. ಶೇಖರ ಊಟ ಬಿಟ್ಟು ಸರಪಳಿ ಹಿಡಿದು ಕೂತ. ನಾನೂ ಅವನ ಪಕ್ಕ ಕೂತೆ.

ಯುಗಾದಿಯ ಮರುದಿನ ಹೊಸತೊಡಕು. ನಂಜಮ್ಮನ ಮನೆಗೆ ನೆಂಟರು ಬಾಡೂಟಕ್ಕೆ ಬಂದು ಕೂತಿದ್ದರು. ಅದಕ್ಕೆಂದೇ ಮೇಯಿಸಿದ್ದ ಹುಂಜ ಕೈತಪ್ಪಿಸಿಕೊಂಡು ಓಡಿತು. ಅಳಿಯಂದಿರು ಪಂಚೆ ಎತ್ತಿಕಟ್ಟಿ ಬೇಲಿ ಹಾರಲು ಹೋಗಿ ಒಬ್ಬರ ಮೇಲೊಬ್ಬರು ಬಿದ್ದರು. ಕೊನೆಗೆ ನಂಜಮ್ಮನೇ ಏದುಸಿರು ಬಿಡುತ್ತ ನಮ್ಮ ಬಾಗಿಲಿಗೆ ಬಂದಳು. "ನಿಮ್ ನಾಯಿ ಒಸಿ ಬಿಡ್ರಮ್ಮ. ಇಡ್ಕೊಟ್ರೆ ಇಲ್ಲೇ ಇರ್ಲಿ, ನಾನೇನೂ ಅನ್ನಲ್ಲ."

ಭೈರು ಒಂದು ಪುಕ್ಕವೂ ಕೀಳದೆ ಹುಂಜವನ್ನು ಹಿಡಿದ. ಹಿಡಿದವನು ನಂಜಮ್ಮನನ್ನು ದಾಟಿ ನೇರ ಅಡುಗೆಮನೆಗೆ ನುಗ್ಗಿ, ಮೊಟ್ಟೆಯ ಹೆಸರೂ ಎತ್ತದ ನಮ್ಮ ಅವ್ವನ ಮಡಿಲಿಗೆ ಅದನ್ನು ಹಾಕಿದ. ಅವ್ವ ಕಿರುಚಿದಳು, ಹುಂಜವೂ ಕಿರುಚಿತು. ಕೊಟ್ಟುಬಿಟ್ಟರೆ ಭೈರು ಉಳಿಯುತ್ತಾನೆ. "ಕೊಡವ್ವಾ, ಕೊಡವ್ವಾ" ಎಂದು ನಾವಿಬ್ಬರೂ ಅಂಗಲಾಚಿದೆವು. ಆದರೆ ಅವ್ವ ಹುಂಜದ ಮೇಲೆ ಸೆರಗು ಮುಚ್ಚಿದಳು.

"ಹಬ್ಬದಾಗ ಉಡಿಯೊಳಗ ಬಿದ್ದದ್ದನ್ನ ಕೊಯ್ಯಾಕ ಹೆಂಗ ಕೊಡ್ಲಿ, ನಂಜಮ್ಮಾರ?"

ಭೈರುವಿನ ಕಥೆ ಮುಗಿಯಿತು ಎಂದುಕೊಂಡೆ. ನಂಜಮ್ಮ ಅವ್ವನ ಮಡಿಲನ್ನೇ ನೋಡುತ್ತ ನಿಂತಳು. ಆಮೇಲೆ ಹೊಸ್ತಿಲ ಮೇಲೆ ಕುಸಿದು ಕೂತು ನಗತೊಡಗಿದಳು. "ಮಡ್ಲಕ್ಕಿ ಕೊಟ್ಟು ಯಾರಾನಾ ವಾಪಸ್ ಈಸ್ಕತಾರಾ? ಅದನ್ನೂ ನೀವೇ ಸಾಕಳಿ!" ಆ ವರ್ಷ ಅವಳ ನೆಂಟರು ಅವ್ವ ಕೊಟ್ಟ ತಂಗಳು ಹೋಳಿಗೆಯನ್ನು ಮುಖ ಸಣ್ಣ ಮಾಡಿಕೊಂಡು ತಿಂದರು.

ಭೈರು ಮುದಿಯಾಗಿ ತೀರಿಕೊಂಡ ಬೆಳಿಗ್ಗೆ ಅಪ್ಪ ಅವನನ್ನು ಚಾದರದಲ್ಲಿ ಸುತ್ತಿ, ಸೈಕಲ್ಲಿಗೆ ಕಟ್ಟಿ, ಹೆಬ್ಬಾಳ ಕೆರೆಯ ಕಡೆಗೆ ಹೊರಟಿದ್ದರು. ನಂಜಮ್ಮ ಗೇಟಿಗೆ ಅಡ್ಡ ನಿಂತಳು. "ಎಲ್ಲಿಗ್ ಓಯ್ತೀರಾ ಸಾಮಿ? ನಮ್ಮನೆ ನಾಯಿ ಅದು." ತನ್ನ ರಾಗಿ ಹೊಲದ ಬದುವಿನಲ್ಲೇ ಗುಂಡಿ ತೆಗೆಸಿದಳು, ನಮಗಿಂತ ಜೋರಾಗಿ ಅತ್ತಳು.

ನಂಜಮ್ಮನೂ ಇಲ್ಲ, ಅವ್ವನೂ ಇಲ್ಲ. ಆ ಹೊಲದ ಮೇಲೆ ಈಗ ದೊಡ್ಡ ಅಪಾರ್ಟ್‌ಮೆಂಟು. ಮೊನ್ನೆ ಅದರ ಮುಂದೆ ಸುಮ್ಮನೆ ನಿಂತಿದ್ದೆ. ವಾಚ್‌ಮನ್ ಬಂದು, "ಯಾರ್ ಬೇಕಿತ್ತು?" ಎಂದ. ಭೈರುವಿನ ಹೆಸರು ಬಾಯಿಗೇ ಬಂದಿತ್ತು. ಯಾರೂ ಇಲ್ಲವೆಂದು ಹೇಳಿ ತಿರುಗಿ ಬಂದೆ.