ಗೋಡೆ ಬಿಟ್ಟು ನಾಲ್ಕು ಬೆರಳು

ಚಾಮರಾಜಪೇಟೆಯಲ್ಲಿ ಒಂದು ಹಳೇ ಮನೆಯ ಹಿಂದಿನ ಕೋಣೆ, ಎಂಟಡಿಗೆ ಒಂಬತ್ತಡಿ. ಅದೇ ನನ್ನ ವರ್ಕ್‌ಶಾಪ್. ಎಂಬತ್ತರ ದಶಕದ ಕೊನೆಯಲ್ಲಿ ಅಲ್ಲಿಗೆ ಒಂದು ಚಿಕ್ಕ ಸಿಎನ್‌ಸಿ ಮೆಷಿನ್ ತಂದೆ. ಅಂಕಿ ಒತ್ತಿ ಕೊಟ್ಟರೆ ತಾನೇ ಲೋಹ ಕೊರೆಯುವಂಥದ್ದು. ಮಾರಿದವರು ಅದನ್ನು ಕೂರಿಸುವ ಟೇಬಲ್ಲಿಗೆ ಡ್ರಾಯಿಂಗನ್ನೂ ಕೊಟ್ಟಿದ್ದರು. ಅದರಂತೆ ಮಾಡಿದರೆ ಟೇಬಲ್ ಒಳಗೆ, ನಾನು ಹೊರಗೆ! ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನಾದರೂ ಕಬ್ಬಿಣದ ವಿಷಯದಲ್ಲಿ ಇನ್ನೊಬ್ಬರನ್ನು ಕೇಳುವ ಜಾಯಮಾನ ನನ್ನದಲ್ಲ. ಸಣ್ಣದಾಗಿ ಒಂದು ಟೇಬಲ್ ವೆಲ್ಡ್ ಮಾಡಿ, ಅಲ್ಲಾಡದಿರಲಿ ಅಂತ ಬೋಲ್ಟ್ ಹಾಕಿ ಗೋಡೆಗೇ ಕಚ್ಚಿಸಿದೆ.

ಮೊದಲ ಆರ್ಡರಿನ ಮಾಲು ವಾಪಸ್ ಬಂತು. ನುಣ್ಣಗಿರಬೇಕಾದ ಹಿತ್ತಾಳೆಯ ಮೇಲೆಲ್ಲ ಸಣ್ಣ ಅಲೆ ಅಲೆ ಗೆರೆ. ಇನ್ನೊಂದು ಸಲ ಹೀಗಾದರೆ ಕೆಲಸ ಬೇರೆಯವರಿಗೆ ಅಂದರು ಆರ್ಡರ್ ಕೊಟ್ಟವರು. ಮೆಷಿನ್ನಿನದೇ ತಪ್ಪು ಅಂತ ಬೈದುಕೊಂಡು ಕೂತಿದ್ದೆ.

ಗೋಡೆಯಾಚೆ ಮನೆಯ ಯಜಮಾನಮ್ಮ ಒಬ್ಬರೇ ಇದ್ದರು. ಅಕ್ಕತಂಗಿ ಇಬ್ಬರೂ ಮದುವೆಯಾಗದೆ ಜೊತೆಗಿದ್ದವರು. ತಂಗಿ ಹಿಂದಿನ ವರ್ಷ ತೀರಿಹೋಗಿದ್ದರು. ಒಂದು ಬೆಳಿಗ್ಗೆ ಮೆಷಿನ್ ಓಡುತ್ತಿರುವಾಗಲೇ ಬಾಗಿಲಿಗೆ ಬಂದರು.

"ಏನಪ್ಪಾ, ಸ್ವಲ್ಪ ಬಾ ಇಲ್ಲಿ. ವೀಣೆ ತಾನಾಗೇ ನುಡೀತಿದೆ."

ಹೋಗಿ ನೋಡಿದೆ. ನಮ್ಮಿಬ್ಬರ ನಡುವಿನ ಗೋಡೆಗೆ ಬಡಿದ ಹಲಗೆಯ ಮೇಲೆ ತಂಗಿಯವರ ವೀಣೆ. ಯಾರೂ ಮುಟ್ಟದ ತಂತಿ ಜುಂಯ್ ಅನ್ನುತ್ತಿತ್ತು. ನನ್ನ ಮುಖ ಇಳಿದುಹೋಯಿತು. ತಪ್ಪು ಮೆಷಿನ್ನಿನದಲ್ಲ, ನನ್ನ ಟೇಬಲ್ಲಿನದು. ಅದು ಗೋಡೆಯನ್ನೂ ಸೇರಿಸಿಕೊಂಡು ನಡುಗುತ್ತಿತ್ತು.

"ಸರಿ ಮಾಡ್ತೀನಿ ಅಮ್ಮಾ."

"ನುಡಿಯೋದು ಬೇಡ ಅಂದ್ನಾ ನಾನು?" ಅಂದರು. ದೊಡ್ಡವರು, ದಾಕ್ಷಿಣ್ಯಕ್ಕೆ ಹೇಳುತ್ತಾರೆ ಅಂದುಕೊಂಡೆ.

ಬೋಲ್ಟ್ ಕತ್ತರಿಸಿದೆ. ಹೊಸ ಟೇಬಲ್ಲಿಗೆ ದಪ್ಪ ಪೈಪಿನ ಕಾಲು, ಕಾಲಿನೊಳಗೆ ಬಿಸಿಲಲ್ಲಿ ಒಣಗಿಸಿದ ಮರಳು, ಕಾಲಡಿಗೆ ಲಾರಿ ಟೈರಿನ ತುಂಡು. ಮೇಲಕ್ಕೆ ತೂಕದ್ದೇನಾದರೂ ಬೇಕಿತ್ತು. ಹಿತ್ತಲಿನ ಒಗೆಯೋ ಕಲ್ಲಿನ ಮೇಲೆ ನನ್ನ ಕಣ್ಣು ಬಿದ್ದದ್ದನ್ನು ಅವರೇ ಕಂಡುಕೊಂಡರು. "ತಗೊಂಡ್ಹೋಗು. ನನ್ನ ಎರಡು ಸೀರೆಗೆ ಬಕೆಟ್ ಸಾಕು." ಗೋಡೆಯಿಂದ ನಾಲ್ಕು ಬೆರಳು ಜಾಗ ಬಿಟ್ಟೆ. ಆ ನಾಲ್ಕು ಬೆರಳಿಗೆ ಬಾಗಿಲು ಅಡ್ಡ ಬಂತು. ಬಾಗಿಲನ್ನೇ ಕಿತ್ತು ಹೊರಗೆ ತೆರೆಯುವ ಹಾಗೆ ಕೂರಿಸಿದೆ.

ಪರೀಕ್ಷೆ ಮಾಡುವುದಕ್ಕೆ ನನ್ನ ಹತ್ತಿರ ಯಾವ ಮೀಟರೂ ಇರಲಿಲ್ಲ. ಅವರನ್ನೇ ವೀಣೆಯ ಪಕ್ಕ ಕೂರಿಸಿದೆ. ನಾನು ಮೆಷಿನ್ ಓಡಿಸೋದು, ಅವರು ಗೋಡೆಯಾಚೆಯಿಂದ ಕೂಗೋದು.

"ಇದೆ!"

ಒಂದು ಕಾಲಿನ ಕೆಳಗೆ ಇನ್ನೊಂದು ರಬ್ಬರ್ ತೂರಿಸಿದೆ.

"ಇನ್ನೂ ಇದೆ ಕಣೋ! ಕೈಯಲ್ಲಿ ಜೋರಿಲ್ವಾ?"

"ನಿಮ್ಮ ಕಲ್ಲು ಎತ್ತಿಟ್ಟೇ ಜೋರು ಮುಗೀತಮ್ಮಾ!"

ಅವರು ನಕ್ಕಿದ್ದು ಕೇಳಿಸಿತು. ಕಾಲಿಗೆ ಮತ್ತಷ್ಟು ಮರಳು ಜಡಿದೆ. ಆಮೇಲೆ ಆ ಕಡೆಯಿಂದ ಮಾತೇ ಇಲ್ಲ.

ಏನಾಯಿತೋ ಅಂತ ಓಡಿದೆ. ವೀಣೆಯ ಕೊಡದ ಮೇಲೆ ಕೈಯಿಟ್ಟು ಕೂತಿದ್ದರು.

"ನಿಂತೋಯ್ತು," ಅಂದರು. "ಒಳ್ಳೇದಾಯ್ತು ಬಿಡು, ನಿನ್ನ ಕೆಲಸ ಉಳೀತು. ಇಷ್ಟು ದಿನ... ನನ್ನ ತಂಗಿ ಒಳಗೆ ಕೂತು ಶ್ರುತಿ ನೋಡ್ಕೋತಿದಾಳೆ ಅನ್ನಿಸೋದು."

ಟೇಬಲ್ಲನ್ನು ಮತ್ತೆ ಗೋಡೆಗೆ ತಾಗಿಸುವಂತಿರಲಿಲ್ಲ. "ನೀವೇ ಒಂದು ಸಲ ಮೀಟಿ ಅಮ್ಮಾ" ಅಂದೆ.

"ನಂಗೇನು ಬರುತ್ತೆ? ಕೇಳೋಳು ನಾನು, ನುಡಿಸೋಳು ಅವಳು."

ಈ ಸಲದ ಹಿತ್ತಾಳೆ ಕನ್ನಡಿಯ ಹಾಗೆ ಬಂತು, ಆರ್ಡರ್ ಕೈತಪ್ಪಲಿಲ್ಲ. ಅದಾಗಿ ಕೆಲವು ದಿನಕ್ಕೆ, ಸಂಜೆ ಮೆಷಿನ್ ಆರಿಸಿ ಕೈ ಒರೆಸಿಕೊಳ್ಳುತ್ತಿದ್ದೆ. ಗೋಡೆಯಾಚೆ ಒಂದೇ ಒಂದು ತಂತಿ ಮೀಟಿದ ಸದ್ದು. ಸ್ವಲ್ಪ ಬಿಟ್ಟು ಇನ್ನೊಂದು. ಮಾರನೇ ಸಂಜೆಯೂ ಅಷ್ಟೇ, ಮೆಷಿನ್ ನಿಂತ ಮೇಲೆಯೇ.

ಊಟಕ್ಕೂ ಮೆಷಿನ್ ನಿಲ್ಲಿಸದವನು ನಾನು. ಅಂದಿನಿಂದ, ಎಷ್ಟೇ ಅವಸರದ ಕೆಲಸವಿರಲಿ, ಐದೂವರೆಗೆ ಸ್ವಿಚ್ ಆರಿಸುತ್ತಿದ್ದೆ. ಆಮೇಲೆ ಪೊರಕೆ ಹಿಡಿದು ಲೋಹದ ಪುಡಿ ಗುಡಿಸುತ್ತಿದ್ದೆ, ಸದ್ದಾಗದ ಹಾಗೆ, ನಿಧಾನವಾಗಿ.