ವೈನಿಯವರ ರಬ್ಬರ್

ವಿಮಾನ ಕಾರ್ಖಾನೆಯ ಓಝರ್ ಟೌನ್‌ಶಿಪ್ಪಿನಲ್ಲಿ ನಮ್ಮ ಪಕ್ಕದ ಮನೆಯ ವೈನಿ, ಅಂದರೆ ನಾನು ಅತ್ತಿಗೆಯೆಂದು ಕರೆಯುತ್ತಿದ್ದವರು, ವಿಜಾಪುರದ ಕಡೆಯವರು. ತೊಂಬತ್ತರ ದಶಕದ ಆ ದಿನಗಳಲ್ಲಿ ರವಿವಾರದ ಪೇಪರಿನಲ್ಲಿ ಚೌಕಗಳ ಒಗಟೊಂದು ಬರುತ್ತಿತ್ತು. ಪ್ರತಿ ಸಾಲಿನ ಅಂಚಿನ ಅಂಕಿ ಹೇಳಿದಷ್ಟು ಚೌಕದ ಮನೆಗಳನ್ನು ಒತ್ತಾಗಿ ಕಪ್ಪು ಮಾಡುತ್ತ ಹೋದರೆ ಚಿತ್ರ ಮೂಡುತ್ತದೆ. ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಪಡೆದವನು ನಾನು. ಇದೇನು ಮಹಾ ಎಂದುಕೊಂಡೇ ಅವರ ಹತ್ತಿರ ಕಲಿಯಲು ಕೂತೆ.

ಹತ್ತು ಮನೆಯ ಸಾಲಿಗೆ ಏಳು ಎಂದಿದ್ದರೆ ವೈನಿ ಸೆರಗು ಸಿಕ್ಕಿಸಿಕೊಂಡು ಹೇಳುತ್ತಿದ್ದರು: "ಹತ್ತು ಮಂದಿ ಕೂಡೋ ಬೆಂಚಿನ ಮ್ಯಾಲ ಏಳು ಮಂದಿ ಒತ್ತಿ ಕೂತಾರ್ರಿ. ಆ ಕಡೆ ಸರೀಲಿ, ಈ ಕಡೆ ಸರೀಲಿ, ನಡುವಿನ ನಾಲ್ಕು ಜಾಗಾ ಖಾಲಿ ಆಗೂದಿಲ್ಲ. ಅವಷ್ಟೇ ಕರಿ ಮಾಡ್ರಿ." ನಾನು ಆ ನಾಲ್ಕನ್ನು ಬಿಟ್ಟು ಇನ್ನೊಂದು ಮನೆಗೆ ಕೈ ಹಾಕಿದರೆ, "ಇದನ್ನ ಯಾರು ಹೇಳಿದ್ರು?" ಎಂದು ರಬ್ಬರ್ ಎತ್ತುತ್ತಿದ್ದರು.

ಒಂದು ಸಲವಾದರೂ ಆ ರಬ್ಬರ್ ಮುಟ್ಟಿಸಬಾರದೆಂದು ನನಗೆ ಹಟ. ಒಂದು ರವಿವಾರ ಒಬ್ಬನೇ ಕೂತು ಮುಗಿಸಿಯೇಬಿಟ್ಟೆ. ಆನೆ! ಪೇಪರ್ ಹಿಡಿದು ಪಕ್ಕದ ಮನೆಗೆ ಓಡಿದೆ.

ವೈನಿ ಸೊಂಡಿಲು, ಕಿವಿ, ಕಾಲುಗಳ ಮೇಲೆ ಸಾಲು ಸಾಲಾಗಿ ಬೆರಳಾಡಿಸಿದರು. "ಶಾಬಾಸ್ ರೀ!" ಎಂದರು. ನನ್ನ ಎದೆ ಉಬ್ಬಿತು. ಅಷ್ಟರಲ್ಲಿ ಬೆರಳು ಆನೆಯ ಹಿಂಭಾಗಕ್ಕೆ ಬಂದು ನಿಂತಿತು.

"ಈ ಎರಡು ಮನಿ ಯಾರು ಹೇಳಿದ್ರು?"

"ಅದು ಬಾಲ ರೀ ವೈನಿ."

"ಅಂಕಿಯೊಳಗ ಇಲ್ಲಲ್ರೀ."

"ಆನಿಗೆ ಬಾಲ ಇರೂದಿಲ್ಲೇನ್ರಿ?"

"ಆನಿಗಿರ್ತದ್ರಿ, ಡಿಗ್ರಿ ಸಾಹೇಬ್ರ. ಈ ಆನಿಗಿಲ್ಲ," ಎಂದು ವೈನಿ ರಬ್ಬರ್ ಎಲ್ಲಿಟ್ಟೆನೆಂದು ಹುಡುಕತೊಡಗಿದರು.